ಕೊಪ್ಪರಿಗೆಯ ಗುತ್ತಿಗೆ

ಬಂದರಿನ ಗುತ್ತಿಗೆಯೆಂದರೆ ನೆಲ ಸರ್ಕಾರದ್ದಾಗಿಯೇ ಉಳಿದು, ಹಡಗುಕಟ್ಟೆಯ ನಿರ್ವಹಣೆಯೂ ಆದಾಯವೂ ನಿಗದಿತ ಅವಧಿಗೆ ಪರರ ಕೈಸೇರುವ ವ್ಯವಸ್ಥೆ; ಅದರ ಸಾಧಕ-ಬಾಧಕಗಳನ್ನು ಪಾಲಹಳ್ಳಿಯ ಆಲೆಮನೆಯಲ್ಲಿ, ಬೆಲ್ಲ ಹದಕ್ಕೆ ಬರುವಷ್ಟರಲ್ಲಿ, ಇಬ್ಬರು ಇತ್ಯರ್ಥಪಡಿಸಿದರು.

"ಶ್ರೀಲಂಕಾ 2017ರಲ್ಲಿ ಹಂಬನ್‌ತೋಟ ಬಂದರನ್ನು ಚೀನಾದವರಿಗೆ 99 ವರ್ಷಕ್ಕೆ ಕೊಟ್ಟದ್ದು ಬರೀ ವ್ಯಾಪಾರವಂತೆ, ಗೌಡ್ರೇ."

"ಈಸ್ಟ್ ಇಂಡಿಯಾ ಕಂಪನಿಯೂ ವ್ಯಾಪಾರಕ್ಕೇ ಬಂದದ್ದಲ್ಲವೇನಪ್ಪಾ? 1799ರಲ್ಲಿ ಪಕ್ಕದ ಶ್ರೀರಂಗಪಟ್ಟಣ ಬಿದ್ದಾಗ ಆ ಕಂಪನಿ ಮಂಗಳೂರಿನ ಕರಾವಳಿಯನ್ನು ತಾನಿಟ್ಟುಕೊಂಡು, ಮೈಸೂರಿಗೆ ಸಮುದ್ರವಿಲ್ಲದ ಸಿಂಹಾಸನವನ್ನು ದಯಪಾಲಿಸಿತು."

"ಹಾಗಾದರೆ ಇರಾನಿನ ಚಾಬಹಾರ್ ಬಂದರಿನ ಕಟ್ಟೆಯನ್ನು 2024ರಲ್ಲಿ ಭಾರತ 10 ವರ್ಷಕ್ಕೆ ವಹಿಸಿಕೊಂಡದ್ದು?"

"ಅದು ಸ್ನೇಹ!"

"ಈ ಆಲೆಮನೆಯನ್ನೇ ಹೊರಗಿನವರು ಕೇಳಿದರೆ?"

"ಕೊಪ್ಪರಿಗೆ ಒಯ್ಯಲಿ, ತಕ್ಕಡಿಯನ್ನೂ ಲೆಕ್ಕದ ಪುಸ್ತಕವನ್ನೂ ಮುಟ್ಟುವಂತಿಲ್ಲ; ಬಂದರಿನಲ್ಲೂ ಅಷ್ಟೇ, ಯಾವ ಹಡಗಿನಿಂದ ಏನು ಇಳಿಯಿತೆಂದು ಬರೆದಿಡುವವನೇ ಯಜಮಾನ" ಎನ್ನುತ್ತ ಗೌಡರು ಪಾಕದ ಹನಿಯನ್ನು ನೀರಿಗೆ ಬಿಟ್ಟು ಹದ ನೋಡಿದರು.