ಹಿಮಜಾರು ವಿಹಾರದಲ್ಲಿ ಶ್ವಾನಸಾಂಗತ್ಯ: ಪುತ್ತೂರು, ಸುಳ್ಯ, ಕಡಬ ತಾಲೂಕುಗಳನ್ನು ಅನುಲಕ್ಷಿಸಿ ಒಂದು ತಾತ್ತ್ವಿಕ ಅನುಸಂಧಾನ

ಹಿಮಜಾರು ವಿಹಾರವೆಂದರೆ ಹಿಮ ಕವಿದ ಇಳಿಜಾರಿನಲ್ಲಿ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು, ತಕ್ಕ ಶುಲ್ಕ ತೆತ್ತು, ಮೇಲಿನಿಂದ ಕೆಳಕ್ಕೆ ಬರುವ ಕ್ರಿಯೆ. ಹಾಗೆ ಬಂದವರಿಗೆ ಊಟ, ಹಾಸಿಗೆ, ಬಿಸಿನೀರು ಒದಗಿಸುವ ವ್ಯವಸ್ಥೆಗೆ ರೆಸಾರ್ಟ್ ಎಂದು ಹೆಸರು. ಯಜಮಾನ ಜಾರುತ್ತಿರುವಾಗ ತಾನು ಜಾರದೆ ಕೋಣೆಯಲ್ಲಿ ಕಾದು ಕುಳಿತಿರುವ ಚತುಷ್ಪಾದಿಯ ಇರುವಿಕೆಯೇ ಶ್ವಾನಸಾಂಗತ್ಯ. ಪ್ರಸ್ತುತ ಅಧ್ಯಯನವು ಇದನ್ನು ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಿಗೆ ಸೀಮಿತಗೊಳಿಸಿಕೊಂಡು ಪರಿಶೀಲಿಸುತ್ತದೆ. ಈ ಮೂರು ತಾಲೂಕುಗಳಲ್ಲಿ ಹಿಮ ಬೀಳುವುದಿಲ್ಲ. ಬೇಸಗೆಯ ಮಳೆಯಲ್ಲಿ ಅಪರೂಪಕ್ಕೊಮ್ಮೆ ಆಲಿಕಲ್ಲು ಬಿದ್ದರೂ ಮಕ್ಕಳು ಹೆಕ್ಕಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಕರಗಿರುತ್ತದೆ. ಆದರೆ ವಸ್ತುವೇ ಇಲ್ಲದಿರುವುದು ಪ್ರಬಂಧಕ್ಕೆ ಅಡ್ಡಿಯಾದ ಉದಾಹರಣೆ ನಾಡಿನ ವಿಚಾರಸಂಕಿರಣಗಳ ಇತಿಹಾಸದಲ್ಲಿ ಸಿಗದು.

ಅಧ್ಯಯನದ ಪ್ರದೇಶವ್ಯಾಪ್ತಿಯ ಬಗ್ಗೆ ಒಂದು ಸ್ಪಷ್ಟೀಕರಣ. ಕುಕ್ಕೆ ಸುಬ್ರಹ್ಮಣ್ಯ ಹಿಂದೆ ಸುಳ್ಯ ತಾಲೂಕಿನಲ್ಲಿತ್ತು, ಕಡಬ ಹೊಸ ತಾಲೂಕಾದ ಮೇಲೆ ಅಲ್ಲಿಗೆ ಸೇರಿತು. ರಥಬೀದಿಯ ನಾಯಿಗಳಿಗೆ ಇದರ ಸುತ್ತೋಲೆ ತಲುಪಿದಂತಿಲ್ಲ.

ತಾತ್ತ್ವಿಕ ಚೌಕಟ್ಟು ಹೀಗಿದೆ: ವಸಾಹತೋತ್ತರ ವಿರಾಮ ಸಂಕಥನದ ಒಡಲಲ್ಲಿ ಅಂತರ್ಗತವಾಗಿರುವ ಅಧಿಕಾರ ರಾಜಕಾರಣದ ನೆಲೆಯಲ್ಲಿ, ನಗರಕೇಂದ್ರಿತ ಮಧ್ಯಮವರ್ಗೀಯ ಅಸ್ಮಿತೆಯು ತನ್ನ ಅನ್ಯವನ್ನು ಅಂತರ್ಜೀವೀಯ ಸಾಹಚರ್ಯದ ಮೂಲಕ ಮರುರೂಪಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, ಶ್ವಾನವು ಸೂಚಕವೂ ಸೂಚಿತವೂ ಆಗಿ ಪರಿಧಿಯಿಂದ ಕೇಂದ್ರಕ್ಕೆ ಪಲ್ಲಟಗೊಳ್ಳುತ್ತದೆ. ಅಂದರೆ ನಾಯಿ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಬರುತ್ತದೆ.

ಚಾರಿತ್ರಿಕ ನೆಲೆಯಲ್ಲಿ ನೋಡಿದರೆ, ಹಿಮಪರ್ವತಕ್ಕೆ ನಾಯಿಯ ಜೊತೆ ಹೋದವರಲ್ಲಿ ಮೊದಲು ದಾಖಲಾದವನು ಧರ್ಮರಾಯ. ಮಹಾಭಾರತದ ಹದಿನೇಳನೆಯದಾದ ಮಹಾಪ್ರಸ್ಥಾನಿಕ ಪರ್ವದಲ್ಲಿ ಹೆಂಡತಿ, ತಮ್ಮಂದಿರು ದಾರಿಯಲ್ಲಿ ಒಬ್ಬೊಬ್ಬರಾಗಿ ಬಿದ್ದ ಮೇಲೂ ನಾಯಿಯೊಂದು ಅವನ ಬೆನ್ನು ಬಿಡುವುದಿಲ್ಲ. ರಥ ತಂದ ಇಂದ್ರ, ನಾಯಿಯನ್ನು ಬಿಟ್ಟು ಹತ್ತು ಎನ್ನುತ್ತಾನೆ. ನಾಯಿ ಇಟ್ಟುಕೊಂಡವರಿಗೆ ಸ್ವರ್ಗದಲ್ಲಿ ಎಡೆಯಿಲ್ಲ, ಅವರು ಮಾಡಿದ ಪುಣ್ಯವನ್ನು ಕ್ರೋಧವಶರೆಂಬವರು ಕಸಿದುಕೊಳ್ಳುತ್ತಾರೆ ಎಂಬ ನಿಬಂಧನೆಯನ್ನೂ ತಿಳಿಸುತ್ತಾನೆ. ವಸತಿಗೃಹವೊಂದು ನಾಯಿಯನ್ನು ಒಳಗೆ ಬಿಡಲು ನಿರಾಕರಿಸಿದ ಮೊದಲ ಪ್ರಸಂಗವಿದು. ನಂಬಿ ಬಂದದ್ದನ್ನು ಬಿಟ್ಟು ಬರಲಾರೆ ಎಂದು ಧರ್ಮರಾಯ ಹಟ ಹಿಡಿದ. ರದ್ದತಿ ಶುಲ್ಕದ ಪ್ರಸ್ತಾಪ ಮೂಲದಲ್ಲಿಲ್ಲ.

ಪಾಶ್ಚಾತ್ಯ ಪರಂಪರೆಯಲ್ಲಿ ನಾಯಿ ಹಿಮಕ್ಕೆ ಹೋದದ್ದು ಹೆಚ್ಚಾಗಿ ದುಡಿಮೆಗೆ. ಆಲ್ಪ್ಸ್‌ನ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯ ಮಠದಲ್ಲಿ ಇದ್ದ ಬ್ಯಾರಿ ಎಂಬ ನಾಯಿ ಹಿಮದಲ್ಲಿ ಸಿಕ್ಕಿಬಿದ್ದ ನಲವತ್ತಕ್ಕೂ ಹೆಚ್ಚು ಮಂದಿಯನ್ನು ಉಳಿಸಿತೆಂದು ಪ್ರತೀತಿ. ಅದು 1814ರಲ್ಲಿ ಸತ್ತಿತು, ಅದರ ದೇಹವನ್ನು ಇಂದಿಗೂ ಬರ್ನ್ ನಗರದ ಮ್ಯೂಸಿಯಂನಲ್ಲಿ ಕಾಪಿಟ್ಟಿದ್ದಾರೆ. 1925ರ ಚಳಿಗಾಲದಲ್ಲಿ ಅಲಾಸ್ಕಾದ ನೋಮ್ ಪಟ್ಟಣಕ್ಕೆ ಗಂಟಲಮಾರಿಯ ಮದ್ದನ್ನು ಸಾವಿರಕ್ಕೂ ಹೆಚ್ಚು ಕಿಲೊಮೀಟರ್ ದೂರ ಎಳೆದು ಮುಟ್ಟಿಸಿದ್ದು ಹಿಮಬಂಡಿಯ ನಾಯಿಗಳು. ಇನ್ನು 1911ರಲ್ಲಿ ದಕ್ಷಿಣ ಧ್ರುವಕ್ಕೆ ಹೊರಟ ಅಮುಂಡ್ಸನ್ 52 ನಾಯಿಗಳನ್ನು ಕರೆದೊಯ್ದು 11ರೊಂದಿಗೆ ಮರಳಿದ. ಉಳಿದವುಗಳಲ್ಲಿ ಹಲವು ದಾರಿಯ ಊಟದ ಲೆಕ್ಕದಲ್ಲಿ ಸೇರಿವೆ. ಶ್ವಾನಸಹಿತ ವಿಹಾರದ ಜಾಹೀರಾತುಗಳು ಈ ಕೊನೆಯ ಪ್ರಸಂಗವನ್ನು ಎತ್ತುವುದಿಲ್ಲ.

ಸ್ಥಳೀಯ ಹಿಮಜಾರು ಪರಂಪರೆಯನ್ನು ವಿದ್ವಾಂಸರು ಈವರೆಗೆ ಅವಗಣಿಸಿದ್ದಾರೆ. ಹಿಮಕ್ಕೆ ಬದಲಿಯಾಗಿ ಇಲ್ಲಿ ಪಾಚಿ ಇದೆ. ಜೂನ್ ತಿಂಗಳ ಮಳೆ ಹಿಡಿದರೆ ಮುರಕಲ್ಲಿನ ಮೆಟ್ಟಿಲು, ಅಂಗಳ, ತೋಟಕ್ಕಿಳಿಯುವ ದಾರಿ ಎಲ್ಲವೂ ಹಸಿರು ಹತ್ತಿ ಜಾರತೊಡಗುತ್ತವೆ. ಜಾರದಿರಲೆಂದು ಅಡಿಕೆ ಸೋಗೆ ಹಾಸಿ, ಅದರ ಮೇಲೆಯೇ ಹಟ್ಟಿಗೂ ಬಾವಿಗೂ ಓಡಾಡುತ್ತಾರೆ. ಹಲಗೆಯ ಬದಲು ಅಡಿಕೆ ಹಾಳೆ. ತೋಟದಲ್ಲಿ ಬಿದ್ದ ಹಾಳೆಗಳಲ್ಲಿ ಅಗಲವಾದದ್ದನ್ನು ಆರಿಸಿ, ಒಂದು ಮಗು ಅದರ ಮೇಲೆ ಕಾಲು ಮಡಚಿ ಕೂರುತ್ತದೆ, ಎರಡೂ ಕೈಯಲ್ಲಿ ಹಾಳೆಯ ಅಂಚು ಹಿಡಿಯುತ್ತದೆ, ಇನ್ನೊಂದು ಮಗು ಸೋಗೆಯ ತುದಿ ಹಿಡಿದು ಗುಡ್ಡೆಯಿಂದ ಕೆಳಗೆ ಎಳೆಯುತ್ತದೆ. ಕಲ್ಲು ಸಿಕ್ಕಲ್ಲಿ ಹಾಳೆ ಹರಿಯುತ್ತದೆ, ಚಡ್ಡಿಯೂ ಹರಿಯುತ್ತದೆ. ಮನೆಯ ನಾಯಿ ಬೊಗಳುತ್ತ ಪಕ್ಕದಲ್ಲೇ ಓಡಿ, ಬಿದ್ದ ಮಗುವಿನ ಮುಖ ನೆಕ್ಕಿ, ಮತ್ತೆ ಗುಡ್ಡೆ ಹತ್ತುತ್ತದೆ. ಖರ್ಚಿಲ್ಲದ ಈ ವಿಹಾರಕ್ಕೆ ಶಾಸ್ತ್ರಮಾನ್ಯತೆ ಸಿಕ್ಕಿಲ್ಲ, ಏಕೆಂದರೆ ಇದರಲ್ಲಿ ಬುಕಿಂಗ್ ಇಲ್ಲ.

ಸಾರಿಗೆಯ ವಿಷಯದಲ್ಲಿ ಸರ್ಕಾರ ಕಾಲಕಾಲಕ್ಕೆ ತನ್ನ ಚಿಂತನೆಯನ್ನು ಪರಿಷ್ಕರಿಸಿದೆ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ನಾಯಿಗೆ ಮೊದಲು ಪೂರ್ತಿ ಟಿಕೆಟ್ ಇತ್ತು, 2022ರ ಕೊನೆಗೆ ಅರ್ಧಕ್ಕೆ ಇಳಿಯಿತು. ಅಲ್ಲಿಗೆ ನಾಯಿ ಮಕ್ಕಳ ಅಂತಸ್ತಿಗೆ ಬಂದಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ-ಮೊಮ್ಮಗಳ ಪಂಜರದ ನಾಲ್ಕು ಲವ್‌ಬರ್ಡ್‌ಗಳಿಗೆ ತಲಾ 111ರಂತೆ 444 ರೂಪಾಯಿಯ ಟಿಕೆಟ್ ಹರಿದದ್ದು ಸುದ್ದಿಯಾಯಿತು. ಅಜ್ಜಿ-ಮೊಮ್ಮಗಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಹಕ್ಕಿಗಳಿಗೆ ಇಲ್ಲ. ರೈಲಿನಲ್ಲಿ ಎಸಿ ಮೊದಲ ದರ್ಜೆಯ ಇಡೀ ಕೂಪೆಯನ್ನೇ ಕಾದಿರಿಸಿದವರ ನಾಯಿ ಯಜಮಾನನ ಜೊತೆ ಮಲಗಬಹುದು; ಉಳಿದವರ ನಾಯಿಗೆ ಗಾರ್ಡಿನ ಡಬ್ಬಿಯ ಪೆಟ್ಟಿಗೆ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ 57 ಸುರಂಗಗಳನ್ನು ಆ ಪೆಟ್ಟಿಗೆಯೊಳಗಿಂದ ಅನುಭವಿಸುವ ನಾಯಿಯ ನಿಸರ್ಗಾನುಭೂತಿ ಪ್ರತ್ಯೇಕ ಪಿಎಚ್.ಡಿ.ಗೆ ಯೋಗ್ಯ.

ಮೂರು ತಾಲೂಕುಗಳ ವಸತಿಗೃಹ, ಹೋಂಸ್ಟೇಗಳ ಸುತ್ತ ಕಾಣಸಿಗುವ ನಾಯಿಗಳನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಆಗಂತುಕ ಶ್ವಾನ. ಶಿರಾಡಿ ಅಥವಾ ಸಂಪಾಜೆ ಘಾಟಿ ಇಳಿದು ಬರುತ್ತದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಮತ್ತು ಈ ಅಧ್ಯಯನಕ್ಕೆ ಕಿರೀಟಪ್ರಾಯವಾದ ಸೈಬೀರಿಯನ್ ಹಸ್ಕಿ. ಸ್ವಂತ ತಟ್ಟೆ, ಸ್ವಂತ ಹಾಸಿಗೆ, ಬೇಯಿಸಿದ ಸಿಹಿಗುಂಬಳ, ಮಳೆಗಾಲಕ್ಕೆ ರೈನ್‌ಕೋಟ್ ಇದರ ಲಕ್ಷಣಗಳು. ಯಜಮಾನನನ್ನು ಯಜಮಾನ ಎನ್ನುವಂತಿಲ್ಲ, ಪೆಟ್ ಪೇರೆಂಟ್ ಎನ್ನಬೇಕು. ಎರಡನೆಯದು ಗೃಹಸ್ಥ ಶ್ವಾನ. ಹೆಸರು ಕರಿಯ, ಬೊಗ್ಗು, ಟಾಮಿ ಅಥವಾ ಟೈಗರ್. ತೋಟಕ್ಕೆ ಬಂದ ಮಂಗಗಳನ್ನು ಓಡಿಸುವುದು, ಒಣಹಾಕಿದ ಅಡಿಕೆಯ ಅಂಗಳ ಕಾಯುವುದು, ರಾತ್ರಿ ಹಂದಿ ಬಂದರೆ ತಿಳಿಸುವುದು, ಚಿರತೆ ಬಂದರೆ ಆಹಾರವಾಗುವುದು ಇದರ ಕರ್ತವ್ಯಗಳು. ಸಂಬಳ ಗಂಜಿ, ಮೀನಿನ ಮನೆಯಾದರೆ ಬಂಗುಡೆಯ ತಲೆ, ಅಲ್ಲದಿದ್ದರೆ ಮಿಕ್ಕ ದೋಸೆ. ಮೂರನೆಯದು ಅನಿಕೇತ ಶ್ವಾನ. ಬಸ್‌ ನಿಲ್ದಾಣ, ಕೋಳಿ ಅಂಗಡಿ, ಸಂತೆಕಟ್ಟೆಗಳಲ್ಲಿ ವಾಸ. ಉಳಿದ ಆರು ವರ್ಗಗಳು ಮೊದಲ ಮೂರರ ಬೆರಕೆಯೇ ಆದ್ದರಿಂದ ಕೈಬಿಡಲಾಗಿದೆ.

ಆಗಂತುಕ ಬಂದ ಕೂಡಲೇ ಗೃಹಸ್ಥನನ್ನು ಹಟ್ಟಿಯ ಹಿಂದೆ ಕಟ್ಟಿಹಾಕುವುದು ಪದ್ಧತಿ. ಅತಿಥಿಯ ನಾಯಿ ಹೆದರಬಾರದಲ್ಲ. ವರ್ಷವಿಡೀ ಕಾದ ಅಂಗಳದಲ್ಲಿ ಬೇರೊಂದು ನಾಯಿ ಚೆಂಡು ಕಚ್ಚಿಕೊಂಡು ಓಡುವುದನ್ನು ಕರಿಯ ಸರಪಳಿಯ ತುದಿಯಿಂದ ನೋಡಿ ಬೊಗಳಿದರೆ ಕಲ್ಲು ಬೀಳುತ್ತದೆ. ‘ಪೆಟ್ ಫ್ರೆಂಡ್ಲಿ’ ಎಂಬ ಫಲಕ ಗೇಟಿನಲ್ಲಿ ತೂಗುತ್ತಲೇ ಇರುತ್ತದೆ.

ಪ್ರಬಂಧದ ಶಿಸ್ತಿಗೆ ಒಗ್ಗದ ಒಂದು ಸಂಗತಿ ಇಲ್ಲಿದೆ. ಆಗಂತುಕ ಶ್ವಾನ ಚಾವಡಿ ದಾಟುತ್ತದೆ, ಸೋಫಾ ಹತ್ತುತ್ತದೆ, ಎಸಿ ಕೋಣೆಯಲ್ಲಿ ಮಲಗುತ್ತದೆ. ಮಡಿ-ಮೈಲಿಗೆ ಎಂದು ಬದುಕಿದವರೂ ಅದಕ್ಕೊಂದು ದರ ಕಟ್ಟಿ ಸುಮ್ಮನಿರುತ್ತಾರೆ. ಅದೇ ತೋಟದಲ್ಲಿ ಬೆಳಗಿನಿಂದ ಸೋಗೆ ಎಳೆದ ಆಳಿಗೆ ಚಹಾ ಈಗಲೂ ಕೆಲವು ಮನೆಗಳಲ್ಲಿ ಜಗಲಿಯ ಕೆಳಗೇ ಬರುತ್ತದೆ, ಬೇರೆ ಲೋಟದಲ್ಲಿ. ಕುಡಿದವರು ತಾವೇ ತೊಳೆದು ಮಾಡಿಗೆ ಸಿಕ್ಕಿಸಿ ಹೋಗಬೇಕು. ಪುತ್ತೂರಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ 1933ರಲ್ಲಿ ಬಂತು. ಆ ಚೋಮನಿಗೂ ಒಂದು ನಾಯಿ ಇತ್ತು, ಬಾಡು ಎಂದು ಹೆಸರು. ಹುಟ್ಟಿದ ಜಾತಿಯ ಕಾರಣಕ್ಕೆ ಚೋಮನಿಗೆ ಬೇಸಾಯಕ್ಕೊಂದು ತುಂಡು ಗದ್ದೆ ಸಿಗಲಿಲ್ಲ. ಒಂಬತ್ತು ದಶಕಗಳ ಬಳಿಕ ನಾಯಿ ಒಳಗೆ ಬಂದಿದೆ. ಅದೂ ಚೋಮನ ನಾಯಿಯಲ್ಲ. ಇದಕ್ಕೆ ಯಾವ ಸಂಕಥನವೂ ಬೇಡ, ನಾಚಿಕೆ ಸಾಕು.

ಆರೋಗ್ಯದ ವಿಷಯಕ್ಕೆ ಬಂದರೆ, ಹಸ್ಕಿಯ ಮೈಮೇಲೆ ಎರಡು ಪದರ ತುಪ್ಪಳ ಇರುತ್ತದೆ, ಸೈಬೀರಿಯಾದ ಚಳಿಗೆಂದು ಬೆಳೆದದ್ದು. ನಾಯಿ ಮನುಷ್ಯರಂತೆ ಮೈಯಿಡೀ ಬೆವರುವುದಿಲ್ಲ; ಏದುಸಿರು ಬಿಟ್ಟು, ನಾಲಗೆಯ ತೇವ ಆರಿಸಿ ಮೈ ತಂಪು ಮಾಡಿಕೊಳ್ಳುತ್ತದೆ. ಒಗೆದ ಬಟ್ಟೆಯೇ ಒಣಗದ ಕರಾವಳಿಯ ಸೆಕೆಯಲ್ಲಿ ನಾಲಗೆ ಹೇಗೆ ಆರೀತು? ಏಪ್ರಿಲ್‌ನಲ್ಲಿ ಸುಳ್ಯದ ಪೇಟೆಯಲ್ಲಿ ಹಸ್ಕಿಯನ್ನು ಅಡ್ಡಾಡಿಸುವುದು ಮನರಂಜನೆ ಅಲ್ಲ, ಹಿಂಸೆ. ಮಳೆಗಾಲದಲ್ಲಿ ಉಂಬಳ, ಮಳೆ ಬಿಟ್ಟ ಮೇಲೆ ಉಣುಗು. ಉಣುಗಿನಿಂದ ಬರುವ ಜ್ವರಕ್ಕೆ ಊರ ನಾಯಿಯೂ ಸಾಯುತ್ತದೆ, ಘಟ್ಟದ ಮೇಲಿನದ್ದೂ ಸಾಯುತ್ತದೆ.

ಹಿಮಶಿಖರ ಇಲ್ಲದ ಕೊರತೆಯನ್ನು 1,712 ಮೀಟರ್ ಎತ್ತರದ ಕುಮಾರಪರ್ವತ ತುಂಬಿಕೊಡುತ್ತದೆ. ಸುಬ್ರಹ್ಮಣ್ಯದಿಂದ ಗಿರಿಗದ್ದೆಯ ಭಟ್ಟರ ಮನೆ ದಾಟಿ ಹತ್ತುವ ದಾರಿ ಕಡಿದಾದದ್ದು. 2024ರ ಜನವರಿಯಲ್ಲಿ ರಜೆಯ ಸಾಲಿನಲ್ಲಿ ಚಾರಣಿಗರ ಜಾತ್ರೆಯೇ ನೆರೆದು, ಅರಣ್ಯ ಇಲಾಖೆ ಚಾರಣ ನಿಲ್ಲಿಸಿ ಆನ್‌ಲೈನ್ ಬುಕಿಂಗ್ ತಂದಿತು. ಇಂಥ ಕಾಡಿಗೆ ನಾಯಿಯನ್ನು ಒಯ್ಯುವ ಆಸೆ ಸಲ್ಲದು. ಶಿಖರದ ಭಾಗ ಪುಷ್ಪಗಿರಿ ವನ್ಯಜೀವಿಧಾಮ. ಪಶ್ಚಿಮ ಘಟ್ಟದಲ್ಲಿ ಕೆನ್ನಾಯಿಗಳಿವೆ, ಸಾಕುನಾಯಿಯ ರೋಗ ಅವಕ್ಕೂ ದಾಟಬಹುದು. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಕೆಲವಕ್ಕೆ ನಾಯಿಗಳ ಡಿಸ್ಟೆಂಪರ್ ವೈರಾಣು ತಗಲಿದ್ದು ಪತ್ತೆಯಾಗಿತ್ತು.

ವಿಹಾರದ ಅಂತ್ಯಭಾಗವನ್ನು ಶಾಸ್ತ್ರ ಚರ್ಚಿಸುವುದಿಲ್ಲ, ಚರ್ಚಿಸಲೇಬೇಕು. ಬರುವಾಗ ಕಾರಿನಲ್ಲಿದ್ದ ನಾಯಿ ಹೋಗುವಾಗ ಇರುವುದಿಲ್ಲ ಎಂಬುದುಂಟು. ಮರಿಯಾಗಿದ್ದಾಗ ಮುದ್ದು, ದೊಡ್ಡದಾಗಿ ಚರ್ಮರೋಗ ಹತ್ತಿದರೆ, ಮುದಿಯಾದರೆ, ಖರ್ಚು ಹೆಚ್ಚಿದರೆ, ಘಾಟಿಯ ತಿರುವೊಂದರಲ್ಲಿ ಬಾಗಿಲು ತೆರೆದು ಇಳಿಸಿ ಗಾಡಿ ಬಿಡುತ್ತಾರೆ. ಕುತ್ತಿಗೆಯ ಪಟ್ಟಿ ಬಿಚ್ಚುವಷ್ಟು ಎಚ್ಚರ ಇರುತ್ತದೆ. ಅದು ಪ್ರತಿ ಕಾರಿನ ಹಿಂದೆ ಓಡುತ್ತದೆ, ಪೊಟ್ಟಣದ ಆಹಾರ ತಿಂದ ನಾಲಗೆಗೆ ಹೋಟೆಲಿನ ಹಿಂದಿನ ಎಂಜಲು ಹಿಡಿಸುವುದಿಲ್ಲ, ಊರ ನಾಯಿಗಳು ಹತ್ತಿರ ಸೇರಿಸುವುದಿಲ್ಲ. ಇದು ಪೇಟೆಯವರ ಪಾಪ ಮಾತ್ರವಲ್ಲ. ಕಣ್ಣು ಬಿಟ್ಟು ವಾರವೂ ಆಗದ ಹೆಣ್ಣುಮರಿಗಳನ್ನು ಗೋಣಿಯಲ್ಲಿ ತುಂಬಿ ಮಾರ್ಕೆಟ್ಟಿನ ಹಿಂದೆ, ಸೇತುವೆಯ ಬದಿಯಲ್ಲಿ, ದೇವಸ್ಥಾನದ ಹೊರಗೆ ಬಿಟ್ಟು ಬರುವವರು ಈ ಮೂರು ತಾಲೂಕುಗಳವರೇ. ಹೆಣ್ಣಾದರೆ ಮರಿ ಹಾಕುತ್ತದೆ, ಅದೇ ಅದರ ಅಪರಾಧ. ಸಂತಾನಹರಣ ಶಸ್ತ್ರಚಿಕಿತ್ಸೆ ಎಂಬುದೊಂದಿದೆ. ಪಶುವೈದ್ಯರನ್ನು ಕೇಳಿದರೆ ಎಲ್ಲಿ ಮಾಡಿಸಬಹುದೆಂದು ಹೇಳುತ್ತಾರೆ.

ಆದ್ದರಿಂದ ವಿಹಾರಾರ್ಥಿಗಳಲ್ಲಿ ವಿನಂತಿ: ನಾಯಿಯನ್ನು ತರುವ ಮೊದಲು ರೇಬೀಸ್ ಮತ್ತು ಡಿಸ್ಟೆಂಪರ್ ಲಸಿಕೆ ಹಾಕಿಸಿ. ಹಸ್ಕಿಯನ್ನು ಬೇಸಗೆಯಲ್ಲಿ ಘಟ್ಟ ಇಳಿಸಬೇಡಿ. ಯಾವ ನಾಯಿಯನ್ನೇ ತಂದರೂ ಹೋಗುವಾಗ ಕರೆದುಕೊಂಡು ಹೋಗಿ.