ದೀಪ ಹಚ್ಚಲೋ, ಆರಿಸಲೋ?

ಬಾಂದ್ರಾದ ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಹಳೆಯ ಹಾಡುಗಾರರ ಪಂಚಾಂಗ ನೋಡಿಕೊಳ್ಳುವ ಹೊಣೆ ನನ್ನದು. ಯಾರೂ ಒಪ್ಪಿಸಿದ್ದಲ್ಲ, ನಾನೇ ಮೈಮೇಲೆ ಎಳೆದುಕೊಂಡದ್ದು. ಜುಲೈ 31 ಸಲೀಸು: ಇದೇ ಬಾಂದ್ರಾದಲ್ಲಿ ಬಾಳಿದ ರಫಿ 1980ರಲ್ಲಿ ತೀರಿಕೊಂಡ ದಿನ, ಒಂದು ಹೂವು, ಒಂದು ಕೈಮುಗಿತ, ಮುಗಿಯಿತು. ಎಡವಟ್ಟಾಗುವುದು ಅಕ್ಟೋಬರ್ 13ಕ್ಕೆ. 1911ರಲ್ಲಿ ‘ದಾದಾಮುನಿ’ ಅಶೋಕ್ ಕುಮಾರ್ ಹುಟ್ಟಿದ್ದೂ ಅಂದೇ, 1987ರಲ್ಲಿ ತಮ್ಮ ಕಿಶೋರ್ ಹೋದದ್ದೂ ಅಂದೇ. ಕನ್ನಡಕ ಮರೆತ ನಾನು ಕಿಶೋರ್ ಪಟಕ್ಕೆ ಕೇಕ್ ಅಂಟಿಸಿ, ನಗುತ್ತಿದ್ದ ದಾದಾಮುನಿಗೆ ಹಾರ ಹಾಕಿಬಿಟ್ಟೆ. "ಅಂಕಲ್, ತಬಿಯತ್ ಠೀಕ್ ಹೈ ನಾ?" ಎಂದು ಮೂರನೇ ಮಹಡಿ ವಿಚಾರಿಸಿತು.

ಫೆಬ್ರುವರಿ 6 ಇನ್ನೂ ತೊಡಕು: ಕವಿ ಪ್ರದೀಪ್ ಹುಟ್ಟಿದ ದಿನವೇ, 2022ರಲ್ಲಿ, ಅವರ ‘ಏ ಮೇರೇ ವತನ್ ಕೇ ಲೋಗೋ’ ಗೀತೆಗೆ ದನಿಯಾದ ಲತಾ ಹೋದರು. ಜನವರಿ 12 ಅದೇ ಗೀತೆಗೆ ರಾಗ ಹಾಕಿದ ಸಿ. ರಾಮಚಂದ್ರರ ಹುಟ್ಟುಹಬ್ಬ, ನಮ್ಮ ಬೆಳಗಾವಿ ಸೀಮೆಯ ಕುಮಾರ ಗಂಧರ್ವರ ಪುಣ್ಯತಿಥಿಯೂ ಹೌದು. ಮೇಣದಬತ್ತಿ ಆರಿಸಲೋ, ದೀಪ ಹಚ್ಚಲೋ?

"ಕೇಸರಿಬಾತ್ ಮಾಡ್ತೀನಿ ಬಿಡ್ರೀ. ಹುಟ್ಟುಹಬ್ಬಕ್ಕೂ ಸಿಹಿ, ವೈಕುಂಠ ಸಮಾರಾಧನೆಗೂ ಸಿಹಿ," ಎಂದಳು ಹೆಂಡತಿ.

ಅಂದಿನಿಂದ ನನ್ನ ಪಂಚಾಂಗದಲ್ಲಿ ತಿಥಿಗಳು ಹೆಚ್ಚಿವೆ, ರಕ್ತದಲ್ಲಿ ಸಕ್ಕರೆಯೂ.