ದಾಂಪತ್ಯ ತಾಜಾತನ ಮೀಮಾಂಸೆ: ಯಂಕಂಚಿ ಪ್ರಕರಣ

ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ಗಂಡಹೆಂಡಿರು ಒಬ್ಬರಿಗೊಬ್ಬರು ಹಳಸದೆ ಉಳಿಯುವುದು ಹೇಗೆ? ಈ ಘನ ಪ್ರಶ್ನೆಗೆ ಸಿಂದಗಿ ತಾಲೂಕಿನ ಯಂಕಂಚಿಯನ್ನು ಪ್ರಯೋಗಶಾಲೆಯಾಗಿ ಭಾವಿಸಿ ಈ ಪ್ರಬಂಧ ಮಂಡಿಸಲಾಗಿದೆ.

ಮೊದಲು ಪೂರ್ವಪಕ್ಷ. ಪಟ್ಟಣದ ಪಂಡಿತರ ಪ್ರಕಾರ ದಂಪತಿ ಆಗಾಗ ಮೇಣದಬತ್ತಿ ಬೆಳಕಿನಲ್ಲಿ ಉಣ್ಣಬೇಕು, ಪ್ರವಾಸ ಹೋಗಬೇಕು. ಖಂಡನೆ: ಮೇಣದಬತ್ತಿ ಊಟ ಕರೆಂಟು ಹೋದಾಗಲೆಲ್ಲ ನಡೆದೇ ಇದೆ, ಅದರಿಂದ ಹತ್ತಿರ ಬಂದದ್ದು ಸೊಳ್ಳೆ ಮಾತ್ರ. ಪ್ರವಾಸವೆಂದರೆ ವಿಜಯಪುರದ ಗೋಳಗುಮ್ಮಟ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ ಅದು. ಅಲ್ಲಿ ಒಂದು ಮಾತು ಆಡಿದರೆ ಏಳು ಸಲ ಮರುದನಿ ಬರುತ್ತದೆಂದು ಹೇಳುತ್ತಾರೆ. ಮನೆಯಲ್ಲಿ ಏಳು ಮಾತಿಗೆ ಗಂಡನ ಒಂದು ‘ಹೂಂ’. ಈ ಹೋಲಿಕೆ ಹೆಂಡತಿಗೆ ಹೊಳೆಯುವ ಅಪಾಯವಿರುವುದರಿಂದ ಪ್ರವಾಸ ನಿಷಿದ್ಧ.

ಇನ್ನು ಸಿದ್ಧಾಂತ. ಮೊದಲ ಉಪಾಯ ರೊಟ್ಟಿಯ ಸಪ್ಪಳದ್ದು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬಿಸಿನೀರು ಹಾಕಿ ನಾದಿ, ಕೈಯಿಂದ ಬಡಿದೇ ಅಗಲ ಮಾಡಬೇಕು. ಆದ್ದರಿಂದ ಮನೆಮನೆಯಲ್ಲೂ ದಿನಾ ಒಂದು ಸಪ್ಪಳ ಏಳುತ್ತದೆ. ಆಗ ನೆರೆಯ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರ ಬಳಗದವರು ಹೆಣ್ಣುಮಕ್ಕಳ ತ್ರಿಪದಿಗಳನ್ನು ಕಲೆಹಾಕಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಅದರಲ್ಲಿ ಬೀಸುಕಲ್ಲಿನ ಹಾಡು ಸಿಕ್ಕಿತು, ರೊಟ್ಟಿ ಬಡಿಯುವ ಕೊಣಮಿಗೆಯ ಸಪ್ಪಳ ಬಿಟ್ಟುಹೋಯಿತು. ಆ ಕೊರತೆಯನ್ನು ತುಂಬುವ ಭಾರ ಈ ಬಡ ಪ್ರಬಂಧದ ಮೇಲೆ ಬಿದ್ದಿದೆ.

ಪಟಪಟ ಎಂದು ಒಂದೇ ಲಯದಲ್ಲಿ ಬಂದರೆ ಮನೆ ಕ್ಷೇಮ. ನಡುವೆ ತಡೆದು ಒಂದು ‘ಧಪ್’ ಬಂದರೆ ಗಂಡನ ತಂಗಿಯ ವಿಷಯ ಬಂದಿದೆ. ಬಡಿತ ಮೆತ್ತಗಾಗಿ ಜತೆಗೊಂದು ಗುನುಗು ಸೇರಿದರೆ, ತವರಿನಿಂದ ಅಣ್ಣ ಬರುವ ಸುದ್ದಿ. ಸಪ್ಪಳವೇ ಇಲ್ಲದಿದ್ದರೆ ಮಾತ್ರ ಮಹಾ ಅನರ್ಥ: ತಾಟಿಗೆ ಒಣಗಿಸಿಟ್ಟ ಕಟಿ ರೊಟ್ಟಿ ಬೀಳುತ್ತದೆ. ಕಟಿ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಅದನ್ನು ಬಡಿಸಿದ ಸಿಟ್ಟೂ ಕೆಡುವುದಿಲ್ಲ. ಕಟ್ಟೆಯ ಮೇಲೆ ಕೂತ ಗಂಡ ಮೇಲ್ನೋಟಕ್ಕೆ ರಾಜಕೀಯ ಮಾತಾಡುತ್ತಿದ್ದರೂ ಅವನ ಒಂದು ಕಿವಿ ಒಲೆಯ ಕಡೆಗೇ ಇರುತ್ತದೆ. ಹೀಗೆ ದಿನಾ ಕಿವಿಗೊಟ್ಟವನಿಗೆ ಬೇಸರಪಡಲು ಪುರುಸೊತ್ತೆಲ್ಲಿ?

ಎರಡನೆಯ ಉಪಾಯ ಹೆಸರಿನದು. ಹಳೆಯ ಪದ್ಧತಿಯಂತೆ ಹೆಂಡತಿ ಗಂಡನ ಹೆಸರೆತ್ತುವುದಿಲ್ಲ. ಆತ ‘ಏನ್ರೀ’, ಇಲ್ಲವೆ ‘ನಮ್ಮ ಮನಿಯವ್ರು’. ಗಂಡ ಮಾತ್ರ ಊರಿಗೆ ಕೇಳುವಂತೆ ಆಕೆಯ ಹೆಸರು ಹಿಡಿದು ಕೂಗಬಹುದು. (ಶಾಸ್ತ್ರ ಒಂದೇ ಮಗ್ಗುಲಿಗೆ ವಾಲಿದೆ ಎಂದು ಹೆಣ್ಣುಮಕ್ಕಳು ಆಕ್ಷೇಪಿಸುತ್ತಾರೆ. ಆಕ್ಷೇಪ ಸರಿಯಾಗಿಯೇ ಇದೆ.) ವರ್ಷಗಟ್ಟಲೆ ಬಳಸದೆ ಗಂಟುಕಟ್ಟಿಟ್ಟ ಆ ಹೆಸರು ಮದುವೆ, ಕುಬಸಗಳಲ್ಲಿ ಒಡಪಿನ ರೂಪದಲ್ಲಿ ಹೊರಬೀಳುತ್ತದೆ. ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ‘ಹೆಸರ ಹೇಳೇ ವೈನಿ, ಆಮ್ಯಾಲ ಒಳಗ ಬಾ’ ಅನ್ನುತ್ತಾರೆ. ಆಕೆ ಸೆರಗು ಸರಿಮಾಡಿಕೊಂಡು:

‘ಎಣ್ಣಿಗಾಯಿ ಬದನಿಕಾಯಿ, ಮ್ಯಾಲೊಂದೀಟು ಹಿಂಡಿ,
ಇಂಥಪ್ಪನವರ ಹೆಸರ ಹೇಳೀನಿ, ತೆಗೀರಿ ಬಾಗಿಲ ಕೊಂಡಿ.’

ಬದನೆಕಾಯಿಗೂ ಇಂಥಪ್ಪನವರಿಗೂ ಇರುವ ತಾರ್ಕಿಕ ಸಂಬಂಧವನ್ನು ಯಾರೂ ಕೇಳಕೂಡದು. ಹಿಂದೆ ನಿಂತ ಇಂಥಪ್ಪನವರಿಗೆ ತಲೆ ಅರ್ಧ ನರೆತಿದ್ದರೂ ಕಿವಿ ಕೆಂಪಾಗುತ್ತದೆ. ಅದೇ ಈ ಪ್ರಬಂಧದ ಬಲವಾದ ಸಾಕ್ಷ್ಯ.

ಮೂರನೆಯದು ತವರು. ಪಂಚಮಿಗೆ ಹೆಂಡತಿ ತವರಿಗೆ ಹೋಗಿ ಜೋಕಾಲಿ ಆಡಿ ಬರುವಷ್ಟರಲ್ಲಿ ಗಂಡನಿಗೆ ಆಕೆಯ ಬೆಲೆ ತಿಳಿದಿರುತ್ತದೆ. ಆದರೆ 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದು ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾದದ್ದೇ ಶಾಸ್ತ್ರ ತಲೆಕೆಳಗಾಯಿತು. ‘ತವರಿಗೆ ಹೊಕ್ಕೀನಿ’ ಎಂಬ ಬೆದರಿಕೆಗೆ ಮುಂಚೆ ಗಂಡನೇ ಟಿಕೀಟಿನ ರೊಕ್ಕ ಕೊಡಬೇಕಿತ್ತು. ಈಗ ಆಧಾರ್ ಕಾರ್ಡು ಸಾಕು. ಆವತ್ತಿನಿಂದ ಗಂಡಂದಿರ ‘ಹೂಂ’ ಕೊಂಚ ಉದ್ದವಾಗಿದೆ.

ಅದೇ ವರ್ಷದ ‘ಗೃಹಲಕ್ಷ್ಮಿ’ ಯೋಜನೆ ಇನ್ನೂ ಜಟಿಲ ಪ್ರಶ್ನೆಯನ್ನು ಎತ್ತಿದೆ. ಅರ್ಜಿ ತುಂಬುವ ಹುಡುಗ ‘ಗಂಡನ ಹೆಸರೇನ್ರಿ ಅಕ್ಕಾರ?’ ಎಂದರೆ, ಸಂಪ್ರದಾಯಸ್ಥ ಗೃಹಿಣಿ ಒಡಪಿನಿಂದಲೇ ಶುರುಮಾಡಬೇಕಷ್ಟೆ. ಆತ ಬದನೆಕಾಯಿ, ಹಿಂಡಿಗಳನ್ನೂ ಸೇರಿಸಿ ಟೈಪು ಮಾಡಿಬಿಟ್ಟರೆ ತಿಂಗಳ 2,000 ರೂಪಾಯಿ ಯಾರ ಖಾತೆಗೆ ಬೀಳುತ್ತದೆಂಬುದನ್ನು ಮುಂದಿನ ಸಂಶೋಧಕರು ನೋಡಿಕೊಳ್ಳಲಿ.